ತಪಸ್ಸುಕಾಲ: ಬಿಟ್ಟ ಊಟದ ದುಡ್ಡು ಎಲ್ಲಿಗೆ ಹೋಗುತ್ತೆ?

ಇದು ಈ ವಾರದ ಸಂಚಿಕೆಯ ಬರಹ ರೂಪ. ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕೇಳೋರು ಕೇಳಿ, ಬಸ್ಸಲ್ಲಿ ನಿಂತ್ಕೊಂಡು ಓದೋರು ಓದಿ.

ಕೇಳುಗರೊಬ್ಬರು ಕಳಿಸಿದ ಮೆಸೇಜ್ ಇಂದ ಶುರು ಮಾಡ್ತೀನಿ. "ಬ್ರೋ, ನಿಮ್ಮ ಕಡೆ 40 ದಿನ ಚಿಕನ್ ಬಿಡ್ತೀರಂತೆ, ಆಮೇಲೆ ಈಸ್ಟರ್ ದಿನ ಬಿರಿಯಾನಿ ಹೊಡೀತೀರಂತೆ. ಅಷ್ಟೇನಾ?" ಬಿರಿಯಾನಿ ವಿಷಯ ನಿಜ, ಮುಚ್ಚಿಡೋದೇನಿಲ್ಲ. ಆದ್ರೆ "ಅಷ್ಟೇನಾ" ಅನ್ನೋದಕ್ಕೆ ಉತ್ತರ ಸ್ವಲ್ಪ ಉದ್ದ ಇದೆ. ನಾನು ತಿಲಕ್ ನಗರದಲ್ಲಿ, ಒಂದು ಕಥೋಲಿಕ ಧರ್ಮಕೇಂದ್ರದಲ್ಲಿ ಬೆಳೆದವನು. ಓದಿದ್ದು ಬಿ.ಕಾಂ. ಹಾಗಾಗಿ ಇದನ್ನ ದೇವರಶಾಸ್ತ್ರದ ಕಡೆಯಿಂದ ಹೇಳೋದಕ್ಕಿಂತ ಲೆಕ್ಕದ ಕಡೆಯಿಂದ ಹೇಳೋದು ನಂಗೆ ಸುಲಭ.

ಮೊದಲು ಹೆಸರು. ಇಂಗ್ಲಿಷ್‌ನ ಲೆಂಟ್ ಅನ್ನೋ ಪದಕ್ಕೂ ಉಪವಾಸಕ್ಕೂ ಸಂಬಂಧವೇ ಇಲ್ಲ. ಹಳೇ ಇಂಗ್ಲಿಷ್‌ನಲ್ಲಿ ಅದು ವಸಂತ ಋತುವಿನ ಹೆಸರು. ಮಂಗಳೂರು ಕಡೆಯ ಕೊಂಕಣಿಯವರು ಕರೇಜ್ಮ್ ಅಂತಾರೆ, ಅದು 'ನಲವತ್ತನೆಯದು' ಅನ್ನೋ ಲ್ಯಾಟಿನ್ ಪದ ಪೋರ್ಚುಗೀಸ್ ಬಾಯಲ್ಲಿ ಬದಲಾಗಿ ಬಂದದ್ದು. ಕನ್ನಡದಲ್ಲಿ ನಾವು ಹೇಳೋದು ತಪಸ್ಸುಕಾಲ, ತಮಿಳರು ಹೇಳೋದು ತವಕ್ಕಾಲಂ. ಎರಡರ ಒಳಗೂ ಇರೋದು ತಪಸ್ಸೇ. ನಮ್ಮ ಹೆಸರೇ ಹೆಚ್ಚು ಸರಿಯಾಗಿದೆ ಅನ್ನೋದು ನನ್ನ ವೈಯಕ್ತಿಕ ಅಭಿಪ್ರಾಯ. ಇದಕ್ಕೆ ಹಿನ್ನೆಲೆನೂ ಇದೆ. 17ನೇ ಶತಮಾನದ ಮಧ್ಯದಲ್ಲಿ ಮೈಸೂರು ಮಿಷನ್ ಶುರು ಮಾಡಿದ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಸನ್ಯಾಸಿಯ ವೇಷದಲ್ಲೇ ಓಡಾಡ್ತಿದ್ದವರು. ಧರ್ಮದ ಮಾತು ಹೇಳೋನು ತಪಸ್ವಿ ಥರ ಬದುಕಬೇಕು ಅನ್ನೋ ನಮ್ಮೂರಿನ ನಿರೀಕ್ಷೆಯನ್ನ ಅವರು ಒಪ್ಪಿಕೊಂಡಿದ್ರು.

ಇನ್ನು 40ರ ಲೆಕ್ಕ. ವಿಭೂತಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಎಣಿಸಿ ನೋಡಿ, 46 ದಿನ ಬರುತ್ತೆ. ಭಾನುವಾರ ಪುನರುತ್ಥಾನದ ದಿನ, ಅವತ್ತು ಉಪವಾಸ ಇಲ್ಲ. 6 ಭಾನುವಾರ ಕಳೆದ್ರೆ 40. ಯೇಸು ಮರಳುಗಾಡಲ್ಲಿ ಉಪವಾಸ ಇದ್ದ ದಿನಗಳು ಅವು. ಈ ವರ್ಷ, ಅಂದ್ರೆ 2026ರಲ್ಲಿ, ವಿಭೂತಿ ಬುಧವಾರ ಫೆಬ್ರವರಿ 18ಕ್ಕೆ, ಈಸ್ಟರ್ ಏಪ್ರಿಲ್ 5ಕ್ಕೆ. ತಾರೀಕು ವರ್ಷವರ್ಷ ಓಡಾಡೋದಕ್ಕೆ ಕಾರಣ ಚಂದ್ರ: ಮಾರ್ಚ್ 21 ಅಥವಾ ಅದರ ನಂತರದ ಹುಣ್ಣಿಮೆ ಆದ ಮೇಲಿನ ಮೊದಲ ಭಾನುವಾರ ಈಸ್ಟರ್. 2024ರಲ್ಲಿ ವಿಭೂತಿ ಬುಧವಾರ ಫೆಬ್ರವರಿ 14ಕ್ಕೇ ಬಂದು, ವ್ಯಾಲೆಂಟೈನ್ಸ್ ಡೇ ಡಿನ್ನರ್ ಬುಕ್ ಮಾಡಿದ್ದ ನನ್ನ ಫ್ರೆಂಡ್ಸ್ ಮುಖ ನೋಡೋ ಹಾಗಿತ್ತು.

ಆ ಬುಧವಾರ ಹಣೆಗೆ ಇಡೋ ಬೂದಿ ಎಲ್ಲಿಂದ ಬರುತ್ತೆ ಗೊತ್ತಾ? ಹೋದ ವರ್ಷದ ಗರಿಗಳ ಭಾನುವಾರ ಕೈಯಲ್ಲಿ ಹಿಡ್ಕೊಂಡು ಬಂದ ಗರಿಗಳನ್ನ ಜನ ವರ್ಷಪೂರ್ತಿ ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿರ್ತಾರೆ. ಒಣಗಿದ ಅವನ್ನ ವಾಪಸ್ ತಂದು ಕೊಟ್ರೆ ಚರ್ಚಲ್ಲಿ ಸುಟ್ಟು ಬೂದಿ ಮಾಡ್ತಾರೆ. ಜಯಕಾರದ ಗರಿಯೇ ಮಣ್ಣಿಗೆ ಹೋಗೋ ಮನುಷ್ಯನ ಗುರುತಾಗುತ್ತೆ. ಬೆಳಗಿನ ಬಲಿಪೂಜೆಗೆ ಹೋಗಿ ಹಾಗೇ ಆಫೀಸ್‌ಗೆ ಹೋದ್ರೆ ಸೆಕ್ಯೂರಿಟಿ ಅಣ್ಣನಿಂದ ಹಿಡಿದು ಟೀಮ್ ಲೀಡ್‌ವರೆಗೆ ಎಲ್ಲರೂ "ಹಣೆಗೇನೋ ಹತ್ತಿದೆ" ಅಂತಾರೆ. ವಿಭೂತಿ ಅಂದ್ರೆ ಸಾಕು, ಕನ್ನಡದವರಿಗೆ ಮುಂದಕ್ಕೆ ವಿವರಣೆ ಬೇಕಾಗಲ್ಲ.

ಈಗ ಉಪವಾಸ. ಇಲ್ಲೇ ಜಾಸ್ತಿ ಗೊಂದಲ ಇರೋದು. ಧರ್ಮಸಭೆಯ 1983ರ ಕಾನೂನು ಸಂಹಿತೆ ಪ್ರಕಾರ ಕಡ್ಡಾಯ ಉಪವಾಸ ಎರಡೇ ದಿನ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. 18 ತುಂಬಿದವರಿಗೆ, 59 ಮುಗಿಯೋವರೆಗೆ. ಉಪವಾಸ ಅಂದ್ರೆ ಒಂದು ಪೂರ್ತಿ ಊಟ, ಜೊತೆಗೆ ಬೇಕಾದ್ರೆ ಎರಡು ಸಣ್ಣ ತಿಂಡಿ. ಆ ಎರಡೂ ಸೇರಿದ್ರೂ ಒಂದು ಊಟದಷ್ಟು ಆಗಬಾರದು. ಮಾಂಸ ಬಿಡೋದು ಬೇರೆ ನಿಯಮ, ಅದು 14 ತುಂಬಿದವರಿಗೆಲ್ಲ. ತಪಸ್ಸುಕಾಲದ ಶುಕ್ರವಾರಗಳಲ್ಲಿ ಅದನ್ನ ಪಾಲಿಸ್ತೀವಿ. ಪೂರ್ತಿ 40 ದಿನ ಮಾಂಸ ಬಿಡೋದು ಅನೇಕ ಮನೆಗಳ ಸ್ವಂತ ವ್ರತ, ಕಾನೂನಲ್ಲ. ನಮ್ಮ ಪಕ್ಕದಲ್ಲೇ, ಎಸ್.ಜಿ. ಪಾಳ್ಯ ಕಡೆ ಹೆಚ್ಚಾಗಿರೋ ಕೇರಳ ಮೂಲದ ಸಿರೋ ಮಲಬಾರ್ ಕಥೋಲಿಕರದ್ದು ಇನ್ನೂ ಬಿಗಿ: ಅವರು ಸೋಮವಾರವೇ ಬೂದಿ ಹಚ್ಚಿಕೊಂಡು 50 ದಿನದ ನೋಂಬು ಶುರು ಮಾಡ್ತಾರೆ.

ಹೋದ ವರ್ಷ ಮತ್ತು ಈ ವರ್ಷ ರಂಜಾನ್ ಮತ್ತು ತಪಸ್ಸುಕಾಲ ಕೆಲವೇ ದಿನಗಳ ಅಂತರದಲ್ಲಿ ಶುರುವಾದ್ವು. ತಿಲಕ್ ನಗರದಲ್ಲಿ ಇದು ಬರೀ ಕ್ಯಾಲೆಂಡರ್ ವಿಷಯ ಅಲ್ಲ. ಸಂಜೆ ಆದ್ರೆ ಒಂದು ಕಡೆ ಇಫ್ತಾರ್‌ಗೆ ಸಮೋಸ, ಖರ್ಜೂರ. ಇನ್ನೊಂದು ಕಡೆ ನಾವು ಶಿಲುಬೆ ಹಾದಿಗೆ ಹೋಗ್ತಿರ್ತೀವಿ. ಶಾಲೆಯಿಂದ ಜೊತೆಗಿರೋ ನನ್ನ ಫ್ರೆಂಡ್ ಕೇಳಿದ, "ನೀರು ಕುಡೀಬಹುದಾ? ಮಧ್ಯಾಹ್ನ ಊಟನೂ ಮಾಡಬಹುದಾ? ಹಂಗಾದ್ರೆ ಅದೇನ್ ಉಪವಾಸ ಮಗಾ!" ಉತ್ತರ ಕೊಡೋಕೆ ಕಷ್ಟ ಆಯ್ತು. ನಿಯಮದ ಮಟ್ಟಿಗೆ ನಮ್ಮದು ನಿಜವಾಗ್ಲೂ ಸಡಿಲ. 1966ರಲ್ಲಿ ಪೋಪ್ ಆರನೇ ಪೌಲ್ ಹಳೇ ಬಿಗಿ ನಿಯಮಗಳನ್ನ ಕಡಿಮೆ ಮಾಡಿದ್ರು. ಆದ್ರೆ ಕಡಿಮೆ ಮಾಡಿದ್ದು, ಉಳಿದಿದ್ದನ್ನ ಪ್ರಾರ್ಥನೆಯಿಂದ, ಪರೋಪಕಾರದಿಂದ ನೀವೇ ತುಂಬಿಸಿ ಅಂತ. ನಾವು ರಿಯಾಯಿತಿ ತಗೊಂಡು ಎರಡನೇ ಭಾಗ ಮರೆತ್ವಿ, ಅದು ಬೇರೆ ಮಾತು.

ನಿಯಮದ ಸಂದಿಯಲ್ಲಿ ನುಗ್ಗೋದರಲ್ಲಿ ನಾವು ನಿಪುಣರು. ಮೀನು, ಮೊಟ್ಟೆ ಮಾಂಸದ ಲೆಕ್ಕಕ್ಕೆ ಬರಲ್ಲ ಅಂತ ಶುಕ್ರವಾರ ಸೀಗಡಿ ಬಿರಿಯಾನಿ ತಿನ್ನೋರಿದ್ದಾರೆ. ಅರ್ಧ ಕೇಜಿ ಕೋಳಿ ಬಿಟ್ಟು ಅದರ ಎರಡರಷ್ಟು ದುಡ್ಡಿಗೆ ಪನೀರ್ ಟಿಕ್ಕಾ ಆರ್ಡರ್ ಮಾಡೋರಿದ್ದಾರೆ. ಕಾನೂನು ಪ್ರಕಾರ ತಪ್ಪಿಲ್ಲ. ಆದ್ರೆ ಲೆಕ್ಕದ ಪುಸ್ತಕದಲ್ಲಿ ಬರೆದು ನೋಡಿದ್ರೆ ಖರ್ಚು ಒಂದು ಕಾಲಂನಿಂದ ಇನ್ನೊಂದಕ್ಕೆ ಹೋಗಿದೆ ಅಷ್ಟೆ. ಯಾರಿಗೂ ಏನೂ ಸಿಕ್ಕಿಲ್ಲ.

ನಮ್ಮ ಮನೆಯಲ್ಲಿ ಈ ಉಪವಾಸದ ಮೇಲೆ ಒಂದು ಜಗಳವೇ ನಡೆದಿತ್ತು. ಅಮ್ಮನಿಗೆ 57 ವರ್ಷ, ಶುಗರ್ ಇದೆ, ದಿನಕ್ಕೆರಡು ಸಲ ಮಾತ್ರೆ. ವಿಭೂತಿ ಬುಧವಾರ ಬರೀ ಕಾಫಿ ಕುಡ್ಕೊಂಡು ಸಂಜೆವರೆಗೆ ಇರ್ತೀನಿ ಅಂತ ಹಟ. "ನಮ್ಮಮ್ಮ ಹೊಲದ ಕೆಲಸ ಮಾಡ್ಕೊಂಡೇ ಇರ್ತಿದ್ಲು, ನಂಗೇನಾಗುತ್ತೆ?" ಅನ್ನೋದು ವಾದ. ನನ್ನ ಮಾತು ನಡೀಲಿಲ್ಲ, ಡಾಕ್ಟರ್ ಮಾತೂ ನಡೀಲಿಲ್ಲ. ಕೊನೆಗೆ ಫಾದರ್ ಹತ್ರ ಕರ್ಕೊಂಡು ಹೋದೆ. ಅವರು ನಗ್ತಾ ಹೇಳಿದ್ರು: "ಅಮ್ಮಾ, ಕಾಯಿಲೆ ಇರೋರಿಗೆ ಈ ನಿಯಮ ಇಲ್ಲ. ನೀವು ತಲೆ ಸುತ್ತಿ ಬಿದ್ರೆ ಆ ಪುಣ್ಯ ಯಾರಿಗೂ ಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಬದಲಿಗೆ ನಿಮಗೆ ಕಷ್ಟ ಅನ್ಸೋದು ಇನ್ನೇನಾದ್ರೂ ಬಿಡಿ." ಅಮ್ಮ ಬಿಟ್ಟಿದ್ದು ರಾತ್ರಿ ಎಂಟೂವರೆ ಸೀರಿಯಲ್. ಆ ಅರ್ಧ ಗಂಟೆ ಕೆಳಗಿನ ಮನೆಯಲ್ಲಿ ಹಾಸಿಗೆ ಹಿಡಿದಿರೋ ಅಜ್ಜಿ ಹತ್ರ ಹೋಗಿ ಕೂತ್ಕೋತಾರೆ. ಗರ್ಭಿಣಿಯರು, ಕಾಯಿಲೆಯವರು, ದಿನವಿಡೀ ಮೈಮುರಿದು ದುಡಿಯೋರು, ಇವರಿಗೆಲ್ಲ ವಿನಾಯಿತಿ ಇದೆ. ಇದನ್ನ ಜೋರಾಗಿ ಹೇಳಬೇಕು ಅನ್ಸುತ್ತೆ, ಯಾಕಂದ್ರೆ ಪ್ರತಿ ಮನೆಯಲ್ಲೂ ನಮ್ಮಮ್ಮನಂಥವರು ಒಬ್ಬರು ಇದ್ದೇ ಇರ್ತಾರೆ.

ಪ್ರಾರ್ಥನೆ ಬಗ್ಗೆ ಬೇಗ ಹೇಳ್ತೀನಿ. ಈ ಕಾಲದಲ್ಲಿ ಚರ್ಚ್ ಒಳಗೆ ಕಾಲಿಟ್ಟರೆ ಬದಲಾವಣೆ ಕಣ್ಣಿಗೆ ಬೀಳುತ್ತೆ, ಕಿವಿಗೂ ಬೀಳುತ್ತೆ. ಫಾದರ್ ಉಡುಪು ನೇರಳೆ. ಪೀಠದ ಮೇಲೆ ಹೂವಿಲ್ಲ. ಅಲ್ಲೆಲೂಯ ಅನ್ನೋ ಪದ ಈಸ್ಟರ್ ಜಾಗರಣೆವರೆಗೆ ಯಾರ ಬಾಯಲ್ಲೂ ಬರಲ್ಲ. ಶುಕ್ರವಾರ ಸಂಜೆ ಶಿಲುಬೆ ಹಾದಿ: ಗೋಡೆಯ ಮೇಲಿನ 14 ಚಿತ್ರಗಳ ಮುಂದೆ ಒಂದೊಂದಾಗಿ ನಿಂತು, ಮಂಡಿಯೂರಿ, ಯೇಸುವಿನ ಕೊನೆಯ ದಾರಿಯನ್ನ ನೆನೆಯೋದು. ಈ 14ರ ಸಂಖ್ಯೆ 1731ರಲ್ಲಿ ಪೋಪ್ ಹನ್ನೆರಡನೇ ಕ್ಲೆಮೆಂಟ್ ಕಾಲದಲ್ಲಿ ಗಟ್ಟಿಯಾಯ್ತು. ನಮ್ಮಲ್ಲಿ ಕನ್ನಡದ್ದು ಒಂದು ಹೊತ್ತಿಗೆ, ತಮಿಳಿನದ್ದು, ಇಂಗ್ಲಿಷಿನದ್ದು ಬೇರೆ ಹೊತ್ತಿಗೆ. ಮಂಡಿ ನೋವಿರೋ ಹಿರಿಯರು ಕೂಡ 14 ಸಲವೂ ಬೆಂಚು ಹಿಡ್ಕೊಂಡು ಬಗ್ತಾರೆ, ನಾವು ಜಿಮ್‌ಗೆ ಹೋಗೋರು ಹಿಂದೆ ಒರಗಿ ನಿಂತಿರ್ತೀವಿ.

ಈಗ ಮೂರನೇದು, ದಾನ. ವಿಭೂತಿ ಬುಧವಾರ ಓದೋ ಶುಭಸಂದೇಶ ಮತ್ತಾಯನ 6ನೇ ಅಧ್ಯಾಯದ್ದು. ಅಲ್ಲಿ ಮೂರರ ಕ್ರಮ ಗಮನಿಸಿ: ಮೊದಲು ದಾನ, ಆಮೇಲೆ ಪ್ರಾರ್ಥನೆ, ಕೊನೆಗೆ ಉಪವಾಸ. ಮೂರಕ್ಕೂ ಒಂದೇ ಷರತ್ತು: ಯಾರೂ ನೋಡಬಾರದು. ಎರಡು ದಿನ ಬಿಟ್ಟು ಶುಕ್ರವಾರ ಓದೋದು ಪ್ರವಾದಿ ಯೆಶಾಯನ 58ನೇ ಅಧ್ಯಾಯ. ಹಸಿದವನ ಜೊತೆ ಅನ್ನ ಹಂಚಿಕೊಳ್ಳದ, ಕೂಲಿಯವನನ್ನ ಹಿಂಡೋ ಜನರ ಉಪವಾಸ ದೇವರಿಗೆ ಬೇಡ ಅನ್ನೋದು ಅದರ ಸಾರ. 5ನೇ ಶತಮಾನದಲ್ಲಿ ಇಟಲಿಯ ರಾವೆನ್ನಾದ ಬಿಷಪ್ ಆಗಿದ್ದ ಸಂತ ಪೀಟರ್ ಕ್ರಿಸೊಲೊಗಸ್ ತಮ್ಮ ಒಂದು ಪ್ರಸಂಗದಲ್ಲಿ ಈ ಮೂರೂ ಒಂದೇ, ಬೇರೆ ಮಾಡಿದ್ರೆ ಯಾವುದೂ ಉಳಿಯಲ್ಲ ಅಂತ ವಾದ ಮಾಡ್ತಾರೆ. ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ ಇದು ಡಬಲ್ ಎಂಟ್ರಿ. ನಿಮ್ಮ ತಟ್ಟೆಯಿಂದ ಕ್ರೆಡಿಟ್ ಆದದ್ದು ಇನ್ನೊಬ್ಬರ ತಟ್ಟೆಗೆ ಡೆಬಿಟ್ ಆಗ್ಬೇಕು. ಆಗದಿದ್ರೆ ಅದು ಡಯಟ್, ಇಲ್ಲಾಂದ್ರೆ ಉಳಿತಾಯ.

ಲೆಕ್ಕ ಹಾಕೋಣ. ಈ ತಪಸ್ಸುಕಾಲದಲ್ಲಿ 7 ಶುಕ್ರವಾರ, ಒಂದು ವಿಭೂತಿ ಬುಧವಾರ, ಒಟ್ಟು 8 ದಿನ. ಉದಾಹರಣೆಗೆ ದಿನಕ್ಕೆ 300 ರೂಪಾಯಿ ಉಳೀತು ಅಂತ ಇಟ್ಕೊಳ್ಳಿ, 2,400 ಆಯ್ತು. ಇದನ್ನ ಹಾಕೋಕೆ ಅಂತಲೇ ಧರ್ಮಕೇಂದ್ರದಲ್ಲಿ ಕವರ್ ಕೊಡ್ತಾರೆ. ಭಾರತದ ಬಿಷಪ್ಪರ ಸಮಾಜಸೇವಾ ಸಂಸ್ಥೆ ಕಾರಿತಾಸ್ ಇಂಡಿಯಾ, ಶುರುವಾಗಿದ್ದು 1962ರಲ್ಲಿ, ಪ್ರತಿ ತಪಸ್ಸುಕಾಲದಲ್ಲಿ ಹಸಿವು ಮತ್ತು ರೋಗದ ವಿರುದ್ಧ ಅಭಿಯಾನ ನಡೆಸುತ್ತೆ. ಅಮೆರಿಕದಲ್ಲಿ ಇದೇ ಯೋಚನೆ 1975ರಲ್ಲಿ 'ರೈಸ್ ಬೌಲ್' ಅನ್ನೋ ರಟ್ಟಿನ ಡಬ್ಬಿ ಆಯ್ತು, ಊಟದ ಮೇಜಿನ ಮೇಲೇ ಇಡೋದು. ಶುಭ ಶುಕ್ರವಾರದ ಕಾಣಿಕೆ ಮಾತ್ರ ಲೋಕದಾದ್ಯಂತ ಯೇಸು ಹುಟ್ಟಿ ಬೆಳೆದ ಪವಿತ್ರ ನಾಡಿನ ಕ್ರೈಸ್ತರಿಗೆ, ಅಲ್ಲಿನ ದೇಗುಲಗಳಿಗೆ ಹೋಗುತ್ತೆ.

ತೆರಿಗೆ ಬಗ್ಗೆ ಕೇಳೇ ಕೇಳ್ತೀರ. ನೋಂದಾಯಿತ ಸೇವಾ ಟ್ರಸ್ಟ್‌ಗೆ ಕೊಟ್ಟ ದಾನಕ್ಕೆ ವಿನಾಯಿತಿ ಇರೋದು ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ, ಅದೂ 2,000ಕ್ಕಿಂತ ಹೆಚ್ಚು ನಗದು ಕೊಟ್ರೆ ಇಲ್ಲ. ಹೊಸ ಪದ್ಧತಿಯಲ್ಲಿ ಇರೋರಿಗೆ ದಾನ ಕೊಟ್ರೆ ದಾನ ಅಷ್ಟೆ. ನಂಗೇನೋ ಅದು ಮತ್ತಾಯನ ಅಧ್ಯಾಯಕ್ಕೆ ಹತ್ತಿರ ಅನ್ಸುತ್ತೆ.

ಆದ್ರೆ ತಿಲಕ್ ನಗರದಲ್ಲಿ ಕವರ್ ಹಾಕಿ ಸುಮ್ಮನಾಗೋದು ಕಷ್ಟ. ನಮ್ಮ ಸುತ್ತ ಏನಿದೆ ನೋಡಿ: ಜಯದೇವ, ಕಿದ್ವಾಯಿ, ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಸಂಜಯ್ ಗಾಂಧಿ ಆಸ್ಪತ್ರೆ. ರಾಜ್ಯದ ಮೂಲೆಮೂಲೆಯಿಂದ ರೋಗಿಗಳು ಬರ್ತಾರೆ, ಜೊತೆಗೆ ಒಬ್ಬರೋ ಇಬ್ಬರೋ ಮನೆಯವರು. ಚಿಕಿತ್ಸೆಗೆ ಸರ್ಕಾರದ ಕಾರ್ಡ್ ಇರಬಹುದು. ರೋಗಿಯ ಹಾಸಿಗೆ ಪಕ್ಕ ಹದಿನೈದು ದಿನ ಕಾಯೋ ಗಂಡನ ಊಟಕ್ಕೆ, ಸ್ನಾನಕ್ಕೆ, ಊರಿಗೆ ಹೋಗಿಬರೋ ಬಸ್‌ಚಾರ್ಜ್‌ಗೆ ಯಾವ ಕಾರ್ಡೂ ಇಲ್ಲ.

ಇಲ್ಲಿ ಕೆಲಸಕ್ಕೆ ಬರೋದು ಸಂತ ವಿನ್ಸೆಂಟ್ ದೆ ಪೌಲ್ ಸಭೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡ್ರಿಕ್ ಓಜನಾಮ್ ಅನ್ನೋ 20 ವರ್ಷದ ಕಾಲೇಜು ಹುಡುಗ ಗೆಳೆಯರ ಜೊತೆ ಶುರು ಮಾಡಿದ್ದು. ನಮ್ಮ ಧರ್ಮಕೇಂದ್ರದಲ್ಲೂ ಇದೆ, ಹೆಚ್ಚಿನವರು ರಿಟೈರ್ ಆದ ಅಂಕಲ್‌ಗಳು. ಎರಡು ವರ್ಷದಿಂದ ನಾನೂ ಕೂತ್ಕೋತೀನಿ. ಸಭೆಯ ಕೊನೆಗೆ ಒಂದು ಬಟ್ಟೆ ಚೀಲ ಕೈಯಿಂದ ಕೈಗೆ ಹೋಗುತ್ತೆ, ಅದಕ್ಕೆ ಗುಟ್ಟಿನ ಚೀಲ ಅಂತಾರೆ. ಮುಷ್ಟಿ ಒಳಗೆ ಹಾಕಿ ಹೊರಗೆ ತೆಗೀಬೇಕು. ಯಾರು ಎಷ್ಟು ಹಾಕಿದ್ರು, ಯಾರು ಏನೂ ಹಾಕಲಿಲ್ಲ, ತಿಳಿಯೋ ದಾರಿಯೇ ಇಲ್ಲ. ಕ್ಯೂಆರ್ ಕೋಡ್ ಇಡೋಣ ಅಂಕಲ್, ಚಿಲ್ಲರೆ ತಾಪತ್ರಯ ತಪ್ಪುತ್ತೆ ಅಂದೆ. ಲೆಕ್ಕ ಬರೆಯೋ ಅಂಕಲ್ ತಲೆ ಎತ್ತದೇ ಹೇಳಿದ್ರು: "ಅದರಲ್ಲಿ ಹೆಸರು ಬರುತ್ತಲ್ಲಪ್ಪಾ."

ಇನ್ನೊಂದು ನಿಯಮ: ದುಡ್ಡು ಕಳಿಸಿಬಿಡೋ ಹಾಗಿಲ್ಲ, ಇಬ್ಬಿಬ್ಬರು ಜೊತೆಯಾಗಿ ಹೋಗಿ ಭೇಟಿ ಮಾಡಬೇಕು, ಕೂತು ಮಾತಾಡಬೇಕು. ಯಾವ ಧರ್ಮ ಅಂತ ಕೇಳೋ ಹಾಗಿಲ್ಲ. ಈ ತಪಸ್ಸುಕಾಲದ ಎರಡನೇ ವಾರ ನಾನು, ಲೆಕ್ಕದ ಅಂಕಲ್ ಹೋಗಿದ್ದು ರಾಯಚೂರು ಕಡೆಯಿಂದ ಬಂದ ಒಂದು ಕುಟುಂಬದ ಹತ್ರ. ಹೆಂಡತಿಗೆ ಕೀಮೋ, ಗಂಡ ಹೊರಗೆ ಚಾಪೆ ಹಾಸ್ಕೊಂಡಿದ್ರು. ಏನು ಬೇಕು ಅಂತ ಕೇಳಿದಾಗ ಅವರು ದುಡ್ಡು ಅನ್ನಲಿಲ್ಲ. "ಇಲ್ಲಿನ ಅನ್ನ ಆಕಿಗೆ ಸೇರವಲ್ದು ನೋಡ್ರಿ. ಎಲ್ಯಾರ ಒಂದ್ ಬಿಸಿ ಜ್ವಾಳದ ರೊಟ್ಟಿ ಸಿಗತೈತೇನ್ರಿ?" ಅಂದ್ರು.

ಬನಶಂಕರಿ ಕಡೆ ಉತ್ತರ ಕರ್ನಾಟಕದ ಖಾನಾವಳಿ ಒಂದಿದೆ. ಆ ವಾರದ ಚೀಲದ ದುಡ್ಡಲ್ಲಿ ದಿನಕ್ಕೆ ನಾಲ್ಕು ರೊಟ್ಟಿ, ಒಂದು ಪಲ್ಯ ಅಂತ ಹತ್ತು ದಿನಕ್ಕೆ ಮಾತಾಡಿದ್ವಿ. ಬೆಳಿಗ್ಗೆ ಕೆಲಸಕ್ಕೆ ಹೋಗೋ ಮುಂಚೆ ತಂದುಕೊಡೋ ಪಾಳಿ ನಂದು ಮೂರು ದಿನ, ಉಳಿದದ್ದು ಅಂಕಲ್‌ಗಳದ್ದು. ಶುಕ್ರವಾರದ ಪಾಳಿ ಅಮ್ಮ ತಗೊಂಡಿದ್ದಾರೆ, ತಿಂಡಿ ತಿಂದು, ಮಾತ್ರೆ ತಗೊಂಡು, ಆಮೇಲೆ ಹೊರಡೋದು ಅನ್ನೋ ಷರತ್ತಿನ ಮೇಲೆ.