ಟ್ಯಾಬ್ ಮತ್ತು ಫಿಟ್‌ನೆಸ್ ಬ್ಯಾಂಡ್: ನಂಬಿಕೆ ಯಾವುದು, ನಿಜ ಯಾವುದು?

ಕೈಗೆ ಫಿಟ್‌ನೆಸ್ ಬ್ಯಾಂಡ್ ಕಟ್ಟಿಕೊಂಡವರು ಈಗ ಎಲ್ಲ ಊರುಗಳಲ್ಲೂ ಕಾಣಸಿಗುತ್ತಾರೆ. ಬೆಳಗಿನ ವಾಕಿಂಗ್‌ನಲ್ಲಿ ಎಷ್ಟು ಹೆಜ್ಜೆ, ರಾತ್ರಿ ಎಷ್ಟು ಹೊತ್ತು ನಿದ್ದೆ, ಮೆಟ್ಟಿಲು ಹತ್ತಿದಾಗ ಎದೆಬಡಿತ ಎಷ್ಟು, ಎಲ್ಲವನ್ನೂ ಅದು ಲೆಕ್ಕ ಇಡುತ್ತದೆ. ಆದರೆ ಆ ಲೆಕ್ಕವನ್ನು ನೆಮ್ಮದಿಯಾಗಿ ಓದಲು ಬೇರೆ ಪರದೆ ಬೇಕು. ವಯಸ್ಸಾದವರಿಗೆ ಫೋನಿನ ಸಣ್ಣ ಅಕ್ಷರ ತ್ರಾಸ. ಮನೆಯಲ್ಲಿ ಟ್ಯಾಬ್ ಇದ್ದರೆ ಅದರಲ್ಲೇ ನೋಡೋಣ, ಇಲ್ಲವಾದರೆ ಒಂದು ಕೊಳ್ಳೋಣ ಎಂದು ಅನ್ನಿಸುವುದು ಸಹಜ. ಯೋಚನೆ ಸರಿಯಾಗಿಯೇ ಇದೆ. ತೊಂದರೆ ಇರುವುದು ಟ್ಯಾಬ್ ಆರಿಸುವಾಗ ನಾವು ನಂಬಿಕೊಳ್ಳುವ ಕೆಲವು ಮಾತುಗಳಲ್ಲಿ.

ತಪ್ಪು ಕಲ್ಪನೆ: ಬ್ಲೂಟೂತ್ ಇರುವ ಯಾವ ಟ್ಯಾಬ್ ಆದರೂ ನಡೆಯುತ್ತದೆ

ಬ್ಲೂಟೂತ್ ಬೇಕು, ನಿಜ. ಆದರೆ ಅದೊಂದೇ ಸಾಲದು. ಫಿಟ್‌ನೆಸ್ ಬ್ಯಾಂಡ್‌ಗಳು ಬಳಸುವುದು ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡುವ ಬ್ಲೂಟೂತ್ ಲೋ ಎನರ್ಜಿಯನ್ನು. ಇದು 2010ರಲ್ಲಿ ಬ್ಲೂಟೂತ್ 4.0 ಜೊತೆಗೆ ಬಂತು. ಐಪ್ಯಾಡ್‌ಗೆ 2012ರಲ್ಲಿ, ಆಂಡ್ರಾಯ್ಡ್‌ಗೆ 2013ರ 4.3 ಆವೃತ್ತಿಯಲ್ಲಿ ಸೇರಿತು. ಇಂದು ಅಂಗಡಿಯಲ್ಲಿ ಸಿಗುವ ಟ್ಯಾಬ್‌ಗಳಲ್ಲಿ ಇದು ಇದ್ದೇ ಇರುತ್ತದೆ. ಹಾಗಾಗಿ ಡಬ್ಬಿಯ ಮೇಲೆ 5.0 ಎಂದಿದೆಯೋ 5.3 ಎಂದಿದೆಯೋ ಎಂದು ನೋಡಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ನೋಡಬೇಕಾದ್ದು ಆ್ಯಪ್ ಅನ್ನು. ಬ್ಯಾಂಡ್ ಕಳಿಸುವ ಮಾಹಿತಿಯನ್ನು ಅರ್ಥಮಾಡಿಕೊಂಡು ತೋರಿಸುವುದು ಅದರ ಕಂಪನಿಯ ಆ್ಯಪ್. ಅದನ್ನು ಫೋನಿಗಷ್ಟೇ ಮಾಡಿದ್ದರೆ ಟ್ಯಾಬ್ ಎಷ್ಟೇ ಹೊಸದಾಗಿದ್ದರೂ ಪ್ರಯೋಜನವಿಲ್ಲ. ಫಿಟ್‌ಬಿಟ್, ಗಾರ್ಮಿನ್ ಆ್ಯಪ್‌ಗಳು ಬಹುತೇಕ ಟ್ಯಾಬ್‌ಗಳಲ್ಲಿ ನಡೆಯುತ್ತವೆ. ಕಡಿಮೆ ಬೆಲೆಯ ಎಷ್ಟೋ ಬ್ಯಾಂಡ್‌ಗಳ ಆ್ಯಪ್‌ಗಳು ಮಾತ್ರ ಫೋನನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಹಾಗಾಗಿ ಮೊದಲು ಬ್ಯಾಂಡ್ ಯಾವುದೆಂದು ತೀರ್ಮಾನಿಸಿ, ಅದರ ಆ್ಯಪ್ ಹೆಸರು ತಿಳಿದುಕೊಂಡು, ಆಮೇಲೆ ಟ್ಯಾಬ್ ಹುಡುಕುವುದು ಸರಿಯಾದ ದಾರಿ. ನಮ್ಮಲ್ಲಿ ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ.

ತಪ್ಪು ಕಲ್ಪನೆ: ಎರಡೂ ಒಂದೇ ಕಂಪನಿಯದಾದರೆ ಕಣ್ಣು ಮುಚ್ಚಿ ಕೊಳ್ಳಬಹುದು

ಇದು ಎಲ್ಲಕ್ಕಿಂತ ದುಬಾರಿಯಾಗುವ ನಂಬಿಕೆ. ಆ್ಯಪಲ್ ವಾಚನ್ನು ಐಪ್ಯಾಡ್‌ಗೆ ಪೇರ್ ಮಾಡಲು ಬರುವುದಿಲ್ಲ. ಅದನ್ನು ಮೊದಲ ಸಲ ಚಾಲೂ ಮಾಡಲೂ ಐಫೋನ್ ಬೇಕೇ ಬೇಕು. ಮಕ್ಕಳಿಗೆ, ಮನೆಯ ಹಿರಿಯರಿಗೆ ಅವರದೇ ಐಫೋನ್ ಇಲ್ಲದೆ ವಾಚ್ ಕೊಡಲು ಒಂದು ಏರ್ಪಾಡಿದೆಯಾದರೂ ಅಲ್ಲೂ ಮನೆಯ ಇನ್ನೊಬ್ಬರ ಐಫೋನಿನಿಂದಲೇ ಎಲ್ಲ ಹೊಂದಿಸಬೇಕು. ಐಪ್ಯಾಡ್ ಎಷ್ಟೇ ದೊಡ್ಡದಿರಲಿ, ಎಷ್ಟೇ ಹೊಸದಿರಲಿ, ಆ ಜಾಗವನ್ನು ತುಂಬಲಾರದು.

ಸ್ಯಾಮ್‌ಸಂಗ್ ಕಥೆಯೂ ಇದೇ. 2021ರಲ್ಲಿ ಬಂದ ಗ್ಯಾಲಕ್ಸಿ ವಾಚ್ 4ರಿಂದ ಈಚಿನ ವಾಚ್‌ಗಳೆಲ್ಲ ಗೂಗಲ್‌ನ ವೇರ್ ಓಎಸ್ ಮೇಲೆ ನಡೆಯುತ್ತವೆ. ಅವಕ್ಕೆ ಆಂಡ್ರಾಯ್ಡ್ ಫೋನ್ ಬೇಕು. ಐಫೋನಿಗೂ ಅವು ಹೊಂದುವುದಿಲ್ಲ, ಸ್ಯಾಮ್‌ಸಂಗ್‌ನದೇ ಟ್ಯಾಬ್‌ಗೂ ಹೊಂದುವುದಿಲ್ಲ. ಗೂಗಲ್‌ನ ಪಿಕ್ಸೆಲ್ ವಾಚ್ ಕೂಡ ಕೇಳುವುದು ಆಂಡ್ರಾಯ್ಡ್ ಫೋನನ್ನೇ.

ಇದರ ಪೆಟ್ಟು ಹೆಚ್ಚಾಗಿ ಬೀಳುವುದು ಮಕ್ಕಳು ಹೊರದೇಶದಲ್ಲಿರುವ ಮನೆಗಳಿಗೆ. ಅಪ್ಪ ಅಮ್ಮನ ಬಳಿ ವಿಡಿಯೊ ಕಾಲ್‌ಗೆಂದು ಕೊಡಿಸಿದ ಐಪ್ಯಾಡ್ ಇರುತ್ತದೆ, ಕೈಯಲ್ಲಿ ಸಾದಾ ಆಂಡ್ರಾಯ್ಡ್ ಫೋನ್ ಅಥವಾ ಕೀಪ್ಯಾಡ್ ಫೋನ್ ಇರುತ್ತದೆ. ಐಪ್ಯಾಡ್ ಇದೆಯಲ್ಲ ಎಂದು ಮಗನೋ ಮಗಳೋ ಆ್ಯಪಲ್ ವಾಚ್ ತಂದುಕೊಡುತ್ತಾರೆ. ಪ್ರೀತಿಯಿಂದ ತಂದ ಉಡುಗೊರೆ ಡಬ್ಬಿಯಲ್ಲೇ ಉಳಿಯುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವ ಸ್ಥಿತಿ. ಅಂಥ ಮನೆಗೆ ಅವರ ಆಂಡ್ರಾಯ್ಡ್ ಫೋನಿಗೆ ಹೊಂದುವ ಸರಳ ಬ್ಯಾಂಡೇ ಒಳ್ಳೆಯದು. ಫೋನ್ ಕೀಪ್ಯಾಡಿನದಾದರೆ ಐಪ್ಯಾಡ್‌ನಲ್ಲಿ ನಡೆಯುವ ಆ್ಯಪ್ ಇರುವ ಬ್ಯಾಂಡ್ ನೋಡಬೇಕು.

ತಪ್ಪು ಕಲ್ಪನೆ: ಪೇರ್ ಆಗದಿದ್ದರೆ ಟ್ಯಾಬ್‌ನಲ್ಲಿ ಏನೂ ನೋಡಲಾಗದು

ಇಲ್ಲಿ ಎರಡು ಕೆಲಸಗಳನ್ನು ಬಿಡಿಸಿ ನೋಡಬೇಕು. ಬ್ಯಾಂಡ್‌ನಿಂದ ಮಾಹಿತಿ ಇಳಿಸಿಕೊಳ್ಳುವುದು ಒಂದು ಕೆಲಸ, ಇಳಿದ ಮಾಹಿತಿಯನ್ನು ಓದುವುದು ಇನ್ನೊಂದು. ಮೊದಲನೆಯದನ್ನು ಫೋನ್ ಮಾಡಲಿ, ಎರಡನೆಯದಕ್ಕೆ ಟ್ಯಾಬ್ ಧಾರಾಳವಾಗಿ ಆಗುತ್ತದೆ. 2023ರ ಐಪ್ಯಾಡ್ ಓಎಸ್ 17ರಿಂದ ಐಪ್ಯಾಡ್‌ನಲ್ಲೂ ಹೆಲ್ತ್ ಆ್ಯಪ್ ಇದೆ. ಐಫೋನಿಗೆ ಕೂಡಿಸಿದ ವಾಚ್‌ನ ಲೆಕ್ಕ ಐಕ್ಲೌಡ್ ಮೂಲಕ ಅಲ್ಲಿಗೆ ಬಂದು ಸೇರುತ್ತದೆ. ಎರಡರಲ್ಲೂ ಖಾತೆ ಒಂದೇ ಆಗಿರಬೇಕು, ಐಕ್ಲೌಡ್ ಸೆಟ್ಟಿಂಗ್ಸ್‌ನಲ್ಲಿ ಹೆಲ್ತ್ ಆನ್ ಇರಬೇಕು, ಅಷ್ಟೇ. ಗಾರ್ಮಿನ್ ಬಳಸುವವರು ಟ್ಯಾಬ್‌ನ ಬ್ರೌಸರ್‌ನಲ್ಲೇ ಗಾರ್ಮಿನ್ ಕನೆಕ್ಟ್ ತೆರೆದು ತಮ್ಮ ನಡಿಗೆಯ, ನಿದ್ದೆಯ ನಕ್ಷೆಗಳನ್ನು ನೋಡಬಹುದು.

ಆದರೆ ಬ್ರೌಸರ್ ದಾರಿ ಎಲ್ಲ ಕಂಪನಿಗಳಲ್ಲೂ ಇಲ್ಲ, ಇದ್ದದ್ದೂ ಉಳಿಯುತ್ತದೆಂಬ ಭರವಸೆ ಇಲ್ಲ. ಫಿಟ್‌ಬಿಟ್ ತನ್ನ ವೆಬ್ ಪುಟವನ್ನು 2024ರ ಜುಲೈನಲ್ಲಿ ಮುಚ್ಚಿತು. ಅದಕ್ಕೂ ಮೊದಲು, 2022ರ ಅಕ್ಟೋಬರ್‌ನಲ್ಲಿ, ಕಂಪ್ಯೂಟರ್ ಮೂಲಕ ಸಿಂಕ್ ಮಾಡುವ ಸೌಲಭ್ಯವನ್ನೂ ತೆಗೆದಿತ್ತು. ದೊಡ್ಡ ಪರದೆಯಲ್ಲಿ ನೋಡುವ ರೂಢಿಯಿದ್ದವರು ಆ್ಯಪ್‌ಗೆ ಮರಳಲೇಬೇಕಾಯಿತು. ಯಾವ ಟ್ಯಾಬ್ ಕೊಂಡರೂ ಆ್ಯಪನ್ನು ಆಧಾರವಾಗಿಟ್ಟುಕೊಂಡೇ ಕೊಳ್ಳಬೇಕು.

ಆಂಡ್ರಾಯ್ಡ್‌ನಲ್ಲಿ ಹೆಲ್ತ್ ಕನೆಕ್ಟ್ ಎಂಬ ವ್ಯವಸ್ಥೆಯಿದೆ. 2023ರ ಆಂಡ್ರಾಯ್ಡ್ 14ರಿಂದ ಅದು ಒಳಗೇ ಸೇರಿಕೊಂಡು ಬರುತ್ತದೆ. ಫೋನಿನ ಆರೋಗ್ಯ ಲೆಕ್ಕವೆಲ್ಲ ಇದರಿಂದ ತಾನಾಗಿಯೇ ಟ್ಯಾಬ್‌ಗೆ ಹೋಗುತ್ತದೆಂದು ಕೆಲವರು ತಿಳಿದಿದ್ದಾರೆ. ಹಾಗಾಗುವುದಿಲ್ಲ. ಅದು ಒಂದೇ ಸಾಧನದಲ್ಲಿರುವ ಬೇರೆ ಬೇರೆ ಆ್ಯಪ್‌ಗಳ ನಡುವೆ ಮಾಹಿತಿ ಹಂಚುವ ಏರ್ಪಾಡು. ಫೋನಿನಿಂದ ಟ್ಯಾಬ್‌ಗೆ ಲೆಕ್ಕ ತಲುಪಬೇಕಾದರೆ ಬ್ಯಾಂಡ್ ಕಂಪನಿಯ ಖಾತೆಯ ಮೂಲಕವೇ ತಲುಪಬೇಕು.

ತಪ್ಪು ಕಲ್ಪನೆ: ಬ್ಯಾಂಡ್ ಪಟ್ಟಿಯಲ್ಲಿ ಕಾಣುತ್ತಿಲ್ಲ ಅಂದರೆ ಟ್ಯಾಬ್ ಕೆಟ್ಟಿದೆ

ಬಹಳ ಸಲ ಬ್ಯಾಂಡ್ ಆಗಲೇ ಮನೆಯ ಯಾವುದೋ ಫೋನಿನ ಜೊತೆ ಮಾತಾಡುತ್ತಿರುತ್ತದೆ. ಒಂದು ಸಾಧನಕ್ಕೆ ಕೂಡಿಕೊಂಡ ಮೇಲೆ ಹೆಚ್ಚಿನ ಬ್ಯಾಂಡ್‌ಗಳು ತಾವಿರುವ ಸುಳಿವನ್ನು ಬೇರೆಯವಕ್ಕೆ ಕೊಡುವುದಿಲ್ಲ. ಆ ಫೋನಿನ ಬ್ಲೂಟೂತ್ ಆಫ್ ಮಾಡಿ ನೋಡಿ. ಕೆಲವು ಬ್ಯಾಂಡ್‌ಗಳು, ಶಿಯೋಮಿಯವೂ ಸೇರಿ, ಒಂದು ಖಾತೆಗೆ ಗಂಟು ಬಿದ್ದಿರುತ್ತವೆ. ಹಳೆಯ ಆ್ಯಪ್‌ನಲ್ಲಿ ಅನ್‌ಪೇರ್ ಮಾಡದೆ ಹೊಸ ಕಡೆ ಸೇರುವುದಿಲ್ಲ. ಅಣ್ಣ ಬಳಸಿದ ಬ್ಯಾಂಡನ್ನು ತಂಗಿಗೆ ಕೊಡುವಾಗ, ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಇದನ್ನು ಮರೆಯಬಾರದು.

ಇನ್ನೊಂದು ಕಾರಣ, ಸೆಟ್ಟಿಂಗ್ಸ್‌ನ ಬ್ಲೂಟೂತ್ ಪಟ್ಟಿಗೆ ಹೋಗಿ ಪೇರ್ ಮಾಡಲು ನೋಡುವುದು. ಇಯರ್‌ಫೋನಿಗೆ ಆ ದಾರಿ ಸರಿ. ಬ್ಯಾಂಡನ್ನು ಅದರ ಆ್ಯಪ್ ತೆರೆದು, ಆ್ಯಪ್ ಒಳಗಿನಿಂದಲೇ ಸೇರಿಸಬೇಕು.

ತಪ್ಪು ಕಲ್ಪನೆ: ಲೊಕೇಶನ್ ಕೇಳುತ್ತಿದೆ, ಅಂದರೆ ನಮ್ಮ ಮೇಲೆ ಕಣ್ಣಿಟ್ಟಿದೆ

ಎಚ್ಚರ ಒಳ್ಳೆಯದೇ. ಆದರೆ ಇಲ್ಲಿ ಒಂದು ತಾಂತ್ರಿಕ ಕಾರಣವಿದೆ. ಆಂಡ್ರಾಯ್ಡ್ 6ರಿಂದ 11ರವರೆಗಿನ ಆವೃತ್ತಿಗಳಲ್ಲಿ ಅಕ್ಕಪಕ್ಕದ ಬ್ಲೂಟೂತ್ ಸಾಧನ ಹುಡುಕಬೇಕಾದರೆ ಆ್ಯಪ್‌ಗೆ ಲೊಕೇಶನ್ ಅನುಮತಿ ಇರಲೇಬೇಕಿತ್ತು. ಸುತ್ತಲಿನ ಬ್ಲೂಟೂತ್ ಸಂಕೇತಗಳಿಂದ ನೀವೆಲ್ಲಿದ್ದೀರಿ ಎಂದು ಊಹಿಸಲು ಸಾಧ್ಯ, ಅದಕ್ಕೇ ಈ ನಿಯಮ. 2021ರ ಆಂಡ್ರಾಯ್ಡ್ 12ರಲ್ಲಿ ಹತ್ತಿರದ ಸಾಧನಗಳಿಗೆಂದೇ ಪ್ರತ್ಯೇಕ ಅನುಮತಿ ಬಂತು. ಮನೆಯಲ್ಲಿರುವ ಹಳೆಯ ಟ್ಯಾಬ್‌ನಲ್ಲಿ ಲೊಕೇಶನ್ ನಿರಾಕರಿಸಿದರೆ ಬ್ಯಾಂಡ್ ಸಿಗದಿರುವುದು ಅದರ ತಪ್ಪಲ್ಲ.

ತಪ್ಪು ಕಲ್ಪನೆ: ಫೋನ್ ಮಾಡುವುದನ್ನೆಲ್ಲ ಟ್ಯಾಬ್ ಮಾಡುತ್ತದೆ

ನಡೆದ ದಾರಿಯ ನಕ್ಷೆಯನ್ನೇ ತೆಗೆದುಕೊಳ್ಳಿ. ಫಿಟ್‌ಬಿಟ್ ಇನ್‌ಸ್ಪೈರ್ 3ರಂಥ ಬ್ಯಾಂಡ್‌ಗಳಲ್ಲಿ ಸ್ವಂತ ಜಿಪಿಎಸ್ ಇಲ್ಲ. ಅವು ಜೊತೆಗಿರುವ ಫೋನಿನ ಜಿಪಿಎಸ್ ನೆಚ್ಚಿಕೊಂಡಿವೆ. ವೈಫೈ ಮಾತ್ರ ಇರುವ ಐಪ್ಯಾಡ್‌ನಲ್ಲಿ ಜಿಪಿಎಸ್ ಇಲ್ಲ, ಸಿಮ್ ಸೌಲಭ್ಯವಿರುವ ಮಾದರಿಯಲ್ಲಷ್ಟೇ ಇದೆ. ಆಂಡ್ರಾಯ್ಡ್‌ನಲ್ಲಿ ವೈಫೈ ಟ್ಯಾಬ್‌ಗಳಲ್ಲೂ ಹಲವಕ್ಕೆ ಜಿಪಿಎಸ್ ಉಂಟು, ಮಾದರಿ ನೋಡಿಯೇ ಹೇಳಬೇಕು. ಇದ್ದರೂ ಹತ್ತನೇ ತಲೆಮಾರಿನ ಐಪ್ಯಾಡ್ 477 ಗ್ರಾಂ ತೂಗುತ್ತದೆ. ಅಂಥದ್ದನ್ನು ಹಿಡಿದುಕೊಂಡು ಲಾಲ್‌ಬಾಗ್ ಸುತ್ತಲು ಆಗುವುದಿಲ್ಲ. ದಾರಿಯ ನಕ್ಷೆ ಬೇಕೇ ಬೇಕು, ಫೋನ್ ಒಯ್ಯುವ ಮನಸ್ಸಿಲ್ಲ ಎನ್ನುವವರು ಜಿಪಿಎಸ್ ಬ್ಯಾಂಡ್‌ನಲ್ಲೇ ಇರುವಂಥದ್ದನ್ನು, ಫಿಟ್‌ಬಿಟ್ ಚಾರ್ಜ್ 6ರಂಥದ್ದನ್ನು, ಆರಿಸಬೇಕು. ಖರ್ಚು ಮಾಡಬೇಕಾದ್ದು ಅಲ್ಲಿ, ಟ್ಯಾಬ್ ಮೇಲಲ್ಲ.

ಕರೆ ಬಂದಾಗ, ಮೆಸೇಜ್ ಬಂದಾಗ ಬ್ಯಾಂಡ್ ನಡುಗಿ ತಿಳಿಸುವುದೂ ಹೀಗೆಯೇ. ಅದು ತಾನು ಕೂಡಿಕೊಂಡ ಸಾಧನಕ್ಕೆ ಬಂದದ್ದನ್ನು ಮಾತ್ರ ತಿಳಿಸುತ್ತದೆ. ಟ್ಯಾಬ್‌ಗೆ ಕೂಡಿಸಿದ ಬ್ಯಾಂಡ್‌ಗೆ ನಿಮ್ಮ ಫೋನಿನ ಕರೆಯ ಸುದ್ದಿ ಗೊತ್ತಾಗುವುದಿಲ್ಲ.

ತಪ್ಪು ಕಲ್ಪನೆ: ಟ್ಯಾಬ್ ಸದಾ ಹತ್ತಿರ ಇರದಿದ್ದರೆ ಲೆಕ್ಕ ಕಳೆದುಹೋಗುತ್ತದೆ

ಹೋಗುವುದಿಲ್ಲ. ಬ್ಯಾಂಡ್‌ನಲ್ಲಿ ಅದರದೇ ನೆನಪಿನ ಸ್ಥಳವಿದೆ. ಫಿಟ್‌ಬಿಟ್ ನಿಮಿಷ ನಿಮಿಷದ ವಿವರವನ್ನು 7 ದಿನ, ದಿನದ ಒಟ್ಟು ಮೊತ್ತವನ್ನು 30 ದಿನ ಇಟ್ಟುಕೊಳ್ಳುತ್ತದೆ. ರಾತ್ರಿ ಮನೆಗೆ ಬಂದು ಟ್ಯಾಬ್ ತೆರೆದರೆ ಸಾಕು. ಟ್ಯಾಬ್‌ನಲ್ಲಿ ಬ್ಯಾಟರಿ ಉಳಿಸುವ ವ್ಯವಸ್ಥೆ ಆನ್ ಇದ್ದರೆ ಹಿನ್ನೆಲೆಯಲ್ಲಿ ಸಿಂಕ್ ನಿಂತುಹೋಗಬಹುದು; ಆ್ಯಪ್ ತೆರೆದು ಒಮ್ಮೆ ಕೆಳಕ್ಕೆ ಎಳೆದು ಬಿಟ್ಟರೆ ಅದು ಮತ್ತೆ ಸಾಮಾನ್ಯವಾಗಿ ಶುರುವಾಗುತ್ತದೆ.

ತಪ್ಪು ಕಲ್ಪನೆ: ಟ್ಯಾಬ್ ಎಷ್ಟು ದುಬಾರಿಯೋ ಅಷ್ಟು ಒಳ್ಳೆಯದು

ಬ್ಯಾಂಡ್ ಕಳಿಸುವ ಮಾಹಿತಿ ಅತಿ ಚಿಕ್ಕದು. ಬ್ಲೂಟೂತ್‌ನ ಸಾಮಾನ್ಯ ನಿಯಮದ ಪ್ರಕಾರ ಒಂದು ಕ್ಷಣದ ಎದೆಬಡಿತದ ಸಂಖ್ಯೆಗೆ ಒಂದೋ ಎರಡೋ ಬೈಟ್ ಸಾಕು. ಅದಕ್ಕೆ ಭಾರೀ ಪ್ರೊಸೆಸರ್ ಬೇಕಿಲ್ಲ, 8 ಜಿಬಿ ರ‍್ಯಾಮ್ ಬೇಕಿಲ್ಲ. ಬದಲಿಗೆ ಕೇಳಬೇಕಾದ ಪ್ರಶ್ನೆ, ಈ ಟ್ಯಾಬ್‌ಗೆ ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳು ಎಷ್ಟು ವರ್ಷ ಬರುತ್ತವೆ ಎಂಬುದು. ಆರೋಗ್ಯ ಆ್ಯಪ್‌ಗಳು ಬೇಡುವ ಕನಿಷ್ಠ ಆವೃತ್ತಿ ಮೇಲೇರುತ್ತಲೇ ಇರುತ್ತದೆ. ಅಪ್‌ಡೇಟ್ ನಿಂತ ಟ್ಯಾಬ್‌ನ ಪರದೆ, ಬ್ಯಾಟರಿ ಎಲ್ಲ ಚೆನ್ನಾಗಿದ್ದರೂ ಒಂದು ದಿನ ಆ್ಯಪ್ ಇನ್‌ಸ್ಟಾಲ್ ಆಗುವುದೇ ಇಲ್ಲ. ಶಾಲೆ ಕಾಲೇಜಿನಿಂದ ಕೊಟ್ಟ ಟ್ಯಾಬ್‌ಗಳಲ್ಲಿ ಪ್ಲೇ ಸ್ಟೋರ್‌ಗೇ ಬೀಗ ಹಾಕಿರಬಹುದು, ಅದನ್ನು ನಂಬಿ ಬ್ಯಾಂಡ್ ಕೊಳ್ಳಬೇಡಿ.

ದೊಡ್ಡ ಪರದೆಯಲ್ಲಿ ಎಲ್ಲವೂ ದೊಡ್ಡದಾಗಿ, ಅಂದವಾಗಿ ಕಾಣುತ್ತದೆಂಬುದೂ ಪೂರ್ತಿ ನಿಜವಲ್ಲ. ಐಫೋನಿಗೆಂದು ಮಾಡಿದ ಆ್ಯಪ್ ಐಪ್ಯಾಡ್‌ನಲ್ಲಿ ಫೋನಿನ ಆಕಾರದಲ್ಲೇ, ಪರದೆಯ ನಡುವೆ ತೆರೆದುಕೊಳ್ಳುತ್ತದೆ. ಅದನ್ನು ಹಿಗ್ಗಿಸಬಹುದು, ಅಕ್ಷರ ದೊಡ್ಡದಾಗುತ್ತದೆ, ಆದರೆ ಪರದೆಗೆ ತಕ್ಕ ಜೋಡಣೆ ಇರುವುದಿಲ್ಲ. ಕಣ್ಣಿನ ತೊಂದರೆಯಿರುವ ಹಿರಿಯರಿಗೆ ಅಷ್ಟೇ ಸಾಕಾಗಬಹುದು. ಅವರೇ ಒಮ್ಮೆ ನೋಡಿ ಹೇಳಲಿ, ನಾವು ಊಹಿಸುವುದು ಬೇಡ.

ಟ್ಯಾಬ್ ನಿಜವಾಗಿ ಗೆಲ್ಲುವ ಜಾಗ

ಇಷ್ಟೆಲ್ಲ ಓದಿ ಟ್ಯಾಬ್ ನಿಷ್ಪ್ರಯೋಜಕ ಎಂದುಕೊಳ್ಳಬಾರದು. ಮನೆಯೊಳಗೆ ಸೈಕಲ್ ತುಳಿಯುವವರಿಗೆ, ಟ್ಯಾಬ್ ಎದುರಿಗಿಟ್ಟು ವ್ಯಾಯಾಮ ಮಾಡುವವರಿಗೆ ಅದರಷ್ಟು ಅನುಕೂಲ ಬೇರೆ ಇಲ್ಲ. ಅವರು ಎದೆಗೆ ಕಟ್ಟುವ ಪಟ್ಟಿಯ ಬಗ್ಗೆ ತಿಳಿಯಬೇಕು. ಪೋಲಾರ್ ಎಚ್10ರಂಥ ಪಟ್ಟಿಗಳು ಎದೆಬಡಿತವನ್ನು ಬ್ಲೂಟೂತ್‌ನ ಸಾಮಾನ್ಯ ಭಾಷೆಯಲ್ಲೇ ಕಳಿಸುತ್ತವೆ. ಆ ಭಾಷೆ ಬಲ್ಲ ಆ್ಯಪ್ ಯಾವುದೇ ಆಗಿರಲಿ, ಅದರಲ್ಲಿ ಎದೆಬಡಿತ ಕಾಣುತ್ತದೆ, ಕಂಪನಿಯ ಹಂಗಿಲ್ಲ. ಸೈಕ್ಲಿಂಗ್‌ನ ಜ್ವಿಫ್ಟ್ ಐಪ್ಯಾಡ್‌ನಲ್ಲೂ ಆಂಡ್ರಾಯ್ಡ್ ಟ್ಯಾಬ್‌ನಲ್ಲೂ ಹೀಗೆಯೇ ನಡೆಯುತ್ತದೆ. ಗಾರ್ಮಿನ್‌ನ ಹಲವು ವಾಚ್‌ಗಳು, ಫಿಟ್‌ಬಿಟ್ ಚಾರ್ಜ್ 6 ಕೂಡ ಎದೆಬಡಿತವನ್ನು ಹೀಗೆ ಹೊರಗೆ ಬಿತ್ತರಿಸಬಲ್ಲವು. ಟ್ಯಾಬ್ ಜೊತೆ ಅತಿ ಕಡಿಮೆ ತಕರಾರಿನಿಂದ ಕೆಲಸ ಮಾಡುವುದು ಈ ಬಗೆಯವೇ ಎಂಬುದು ನನ್ನ ಅಭಿಪ್ರಾಯ.

ಒಂದು ಮಾತು ಮನೆಮಂದಿಗೆಲ್ಲ. ಟ್ಯಾಬ್ ಸಾಮಾನ್ಯವಾಗಿ ಎಲ್ಲರ ಕೈಯಲ್ಲಿ ಓಡಾಡುವ ವಸ್ತು. ಅಮ್ಮನ ನಿದ್ದೆ, ಮಗಳ ಮುಟ್ಟಿನ ದಿನಗಳ ಲೆಕ್ಕ, ಅಪ್ಪನ ಎದೆಬಡಿತ ಬಂದುಹೋದವರಿಗೆಲ್ಲ ಕಾಣಬೇಕಾಗಿಲ್ಲ. ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಹಲವಕ್ಕೆ ಬೇರೆ ಬೇರೆ ಬಳಕೆದಾರರನ್ನು ಸೇರಿಸುವ ಅವಕಾಶವಿದೆ, ಬಳಸಿಕೊಳ್ಳಿ. ಅದಿಲ್ಲದಿದ್ದರೆ ಪರದೆಗೊಂದು ಪಿನ್ ಆದರೂ ಇರಲಿ.

ಕೊಳ್ಳಲು ಹೋದಾಗ ಬ್ಯಾಂಡ್ ಕೈಯಲ್ಲೇ ಇರಲಿ. ದುಡ್ಡು ಕೊಡುವ ಮೊದಲು ಅಂಗಡಿಯ ಟ್ಯಾಬ್‌ನಲ್ಲಿ ಆ್ಯಪ್ ಇಳಿಸಿಕೊಂಡು, ಪೇರ್ ಮಾಡಿಸಿ, ಹತ್ತು ಹೆಜ್ಜೆ ನಡೆದು, ಆ ಹೆಜ್ಜೆಗಳು ಪರದೆಗೆ ಬಂದವೇ ಎಂದು ನೋಡಿ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಆ್ಯಪ್‌ನ ಪುಟದಲ್ಲಿ ಐಪ್ಯಾಡ್ ಅಥವಾ ಟ್ಯಾಬ್ಲೆಟ್ ಎಂದು ಬರೆದಿದೆಯೇ ಎಂದು ಮೊದಲು ಓದಿ, ವಾಪಸ್ ಕೊಡುವ ಗಡುವಿನೊಳಗೆ ಪರೀಕ್ಷಿಸಿ. ಪೇರ್ ಆಗದಿದ್ದರೆ ಮುಂದಿನ ಅಪ್‌ಡೇಟ್‌ನಲ್ಲಿ ಸರಿಹೋಗುತ್ತದೆಂಬ ಸಮಾಧಾನದ ಮಾತಿಗೆ ಒಪ್ಪದೆ ಹಿಂದಿರುಗಿಸಿಬಿಡಿ.