ಹೊಲದ ವಾಹನಗಳಿಗೆ ವಾಕಿ-ಟಾಕಿಯ ಆಯ್ಕೆ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಎರಿಭೂಮಿಯಲ್ಲಿ ಮಳೆ ಬಿದ್ದ ಮರುದಿನ ಟ್ರ್ಯಾಕ್ಟರು ಅಚ್ಚಿನವರೆಗೆ ಹೂತುಕೊಳ್ಳುವದು ಹೊಸ ಸಂಗತಿಯಲ್ಲ. ಮೊಬೈಲು ಹತ್ತದ ಹೊಲದಲ್ಲಿ ಹೀಗಾದರೆ ಚಾಲಕನು ರಾಡಿ ತುಳಿಯುತ್ತ ಊರಿಗೆ ಬಂದು ಇನ್ನೊಂದು ಟ್ರ್ಯಾಕ್ಟರನ್ನು ಕರೆದೊಯ್ಯಬೇಕಾಗುವದು. ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗಿನ ಭತ್ತದ ಗದ್ದೆಗಳಲ್ಲಿಯಾದರೋ ಕೊಯ್ಯುವ ಯಂತ್ರವೂ ಕಾಳು ಸಾಗಿಸುವ ಟ್ರಾಲಿಗಳೂ ಒಂದನ್ನೊಂದು ಕಾಯುತ್ತ ನಿಂತಿರುವಾಗ ಬಾಡಿಗೆಯು ಗಂಟೆಯ ಲೆಕ್ಕದಲ್ಲಿ ಏರುತ್ತಲಿರುವದು. ಇಂಥ ಕೆಲಸಕ್ಕಾಗಿ ವಾಕಿ-ಟಾಕಿಗಳನ್ನು ಕೊಳ್ಳಬಯಸುವ ಜಮೀನುದಾರರು ಬೆಲೆಗಿಂತ ಮೊದಲು ಕಾನೂನನ್ನು ವಿಚಾರಿಸತಕ್ಕದ್ದು.

ಪರವಾನಗಿಯಿಲ್ಲದೆ ನಿಸ್ತಂತು ಯಂತ್ರವನ್ನು ಹೊಂದಿರುವದನ್ನು 1933ರ ಕಾಯ್ದೆಯು ನಿಷೇಧಿಸಿತ್ತು. 2023ರ ದೂರಸಂಪರ್ಕ ಕಾಯ್ದೆಯಲ್ಲಿಯೂ ಆ ಕಟ್ಟು ಸಡಿಲಾಗಿಲ್ಲ. ಆದರೆ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಅಲೆಗಳಲ್ಲಿ ನಡೆಯುವ ಅಲ್ಪಶಕ್ತಿಯ ಯಂತ್ರಗಳಿಗೆ 2018ರ ನಿಯಮಗಳಿಂದ ವಿನಾಯಿತಿ ದೊರೆತಿದೆ. ಯಂತ್ರವು ಈ ಮಿತಿಯೊಳಗಿನದೆಂಬುದನ್ನೂ, ಸರಕಾರದ ಮಾದರಿ ಅನುಮೋದನೆ, ಅಂದರೆ ಇ.ಟಿ.ಎ., ಪಡೆದದ್ದೆಂಬುದನ್ನೂ ಕಾಗದದಲ್ಲಿ ನೋಡಿಯೇ ಹಣ ಕೊಡುವದು ಯುಕ್ತ. ಅಂತರ್ಜಾಲದ ಅಂಗಡಿಗಳಲ್ಲಿ ಇವೆರಡೂ ಇಲ್ಲದ ಯಂತ್ರಗಳು ಬಿಕರಿಯಾಗುತ್ತಿದ್ದುದರಿಂದಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರ ಮೇ ತಿಂಗಳಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಬೇಕಾಯಿತು. ಐದು ವ್ಯಾಟಿನದು ದೂರ ಕೇಳುವದೆಂಬ ಮಾತಿಗೆ ಮರುಳಾಗಿ ಕೊಂಡವನು ಕಾನೂನಿಗೆ ತಾನೇ ಉತ್ತರ ಹೇಳಬೇಕಾದೀತು. 27 ಮೆಗಾಹರ್ಟ್ಸಿನ ಸಿಟಿಜನ್ ಬ್ಯಾಂಡಿಗೂ 2005ರಿಂದ ವಿನಾಯಿತಿಯುಂಟು. ಆದರೆ ಅದರ ಅಲೆಯ ಉದ್ದವು ಸುಮಾರು 11 ಮೀಟರಾದ್ದರಿಂದ ಕೈಯಂತ್ರದ ಗಿಡ್ಡ ಆಂಟೆನಾದಿಂದ ಅದು ಸರಿಯಾಗಿ ಹೊರಡದು.

ಡಬ್ಬಿಯ ಮೇಲೆ ಅಚ್ಚಾದ ದೂರವನ್ನು ಯಾರೂ ನಂಬಬಾರದು. ಅದು ಗುಡ್ಡದ ನೆತ್ತಿಯಿಂದ ಬಯಲಿಗೆ ಮಾತನಾಡಿದಾಗಿನ ಲೆಕ್ಕ. ಸಮನೆಲದಲ್ಲಿ ಇಬ್ಬರು ನಿಂತು ಮಾತನಾಡಿದರೆ ಒಂದೆರಡು ಕಿಲೋಮೀಟರೆಂದು ಎಣಿಸುವದೇ ಕ್ಷೇಮ. ತಗಡಿನ ಕ್ಯಾಬಿನ್ನಿನೊಳಗೆ ಕುಳಿತವನಿಗೆ ಅದಕ್ಕೂ ಕಡಿಮೆ. ಶಹಾಪುರ, ಸುರಪುರಗಳ ಕಲ್ಲುಗುಡ್ಡಗಳು ನಡುವೆ ಅಡ್ಡ ಬಂದರಂತೂ ಈ ಅಲೆಯು ಅವುಗಳನ್ನು ತೂರಿ ಹೋಗಲಾರದು. ಶಕ್ತಿಗಿಂತ ಎತ್ತರವು ಹೆಚ್ಚಿನ ಪ್ರಯೋಜನದ್ದು. ಎದೆಯ ಮಟ್ಟದಲ್ಲಿ, ಅಂದರೆ ಸುಮಾರು ಒಂದೂವರೆ ಮೀಟರಿನಲ್ಲಿ, ಹಿಡಿದ ಯಂತ್ರದ ರೇಡಿಯೋ ದಿಗಂತವು 5 ಕಿಲೋಮೀಟರಾದರೆ, 6 ಮೀಟರಿನ ಮಾಳಿಗೆಯ ಮೇಲೆ ಅದು 10 ಕಿಲೋಮೀಟರಾಗುವದು. ಅಷ್ಟು ದೂರ ಮಾತು ಮುಟ್ಟಿಯೇ ತೀರುವದೆಂದಲ್ಲ. ಆದರೂ ಊರಿನಲ್ಲಿ ಉತ್ತರ ಕೊಡುವವನು ಅಂಗಳದಲ್ಲಿರದೆ ಮಾಳಿಗೆಯ ಮೇಲಿರಬೇಕೆಂಬುದು ಇದರಿಂದ ಸ್ಪಷ್ಟ. ಸಾಧ್ಯವಾದರೆ ಒಂದು ಜೊತೆಯನ್ನು ಕಡವಾಗಿ ತಂದು, ತೊಗರಿ ಆಳೆತ್ತರ ನಿಂತಿರುವ ಕಾಲದಲ್ಲಿ ತಮ್ಮ ಅತ್ಯಂತ ದೂರದ ಹೊಲದಿಂದ ಮಾತನಾಡಿಸಿ ನೋಡತಕ್ಕದ್ದು.

ಎಂಜಿನ್ನಿನ ಸದ್ದಿನಲ್ಲಿ ಬರಿಯ ಸ್ಪೀಕರು ಕೇಳಿಸದು. ಕಿವಿಗೆ ಹಾಕುವ ಹೆಡ್‌ಸೆಟ್ಟು ಅವಶ್ಯ. ಧೂಳು, ನೀರುಗಳಿಗೆ ಐ.ಪಿ. 67 ಗುರುತಿನದು ಉತ್ತಮ. ಟ್ರ್ಯಾಕ್ಟರಿನ 12 ವೋಲ್ಟಿನ ಬ್ಯಾಟರಿಯಿಂದ ಚಾರ್ಜು ಆಗುವಂತಿರಬೇಕು. ಗುಪ್ತಸಂಕೇತವೆಂದು ಮಾರಾಟಗಾರರು ಹೇಳುವ ಸೌಕರ್ಯವು ಅನ್ಯರ ಮಾತು ನಮಗೆ ಕೇಳದಂತೆ ಮಾಡುವದೇ ಹೊರತು ನಮ್ಮ ಮಾತನ್ನು ಮುಚ್ಚಿಡುವದಿಲ್ಲ. ಹತ್ತಿಯ ದರ, ಹಣದ ಸಾಗಾಟಗಳ ಮಾತನ್ನು ಇದರಲ್ಲಿ ಆಡಬಾರದು.

ನದಿದಂಡೆಯ ಊರುಗಳಲ್ಲಿ ಇದರ ಉಪಯೋಗವು ಬೇರೆ ಬಗೆಯದು. 2019ರ ಆಗಸ್ಟಿನಲ್ಲಿ ಕೃಷ್ಣೆಯ ಪ್ರವಾಹದಲ್ಲಿ ಕೊಳ್ಳೂರು (ಎಂ) ಸೇತುವೆಯೇ ಮುಳುಗಿತ್ತು. ನೀರು ಬಿಡುವ ಎಚ್ಚರಿಕೆ ಬಂದೊಡನೆ ಪಂಪುಸೆಟ್ಟು ಎಳೆದು ತರಲು ರೈತರು ಟ್ರ್ಯಾಕ್ಟರಿನೊಡನೆ ನದಿಗೆ ಇಳಿಯುವದುಂಟು. ತಾಲೂಕು ಕಚೇರಿಗೆ ಈ ಅಲ್ಪಶಕ್ತಿಯ ಯಂತ್ರವು ಮುಟ್ಟಲಾರದು. ಅಲ್ಲಿಯ ಸುದ್ದಿಗೆ ದೂರವಾಣಿಯೇ ಆಧಾರ. ಆದರೆ ಆ ಸುದ್ದಿಯನ್ನು ಊರ ಗೌಡರು ದಂಡೆಯ ಕೆಳಗಿರುವ ಚಾಲಕನಿಗೆ ಕ್ಷಣಮಾತ್ರದಲ್ಲಿ ತಲುಪಿಸಬಹುದು. ಆದಕಾರಣ ಮಳೆಗಾಲದಲ್ಲಿ ನದಿಗಿಳಿಯುವ ಪ್ರತಿಯೊಂದು ವಾಹನದ ಕೈಯಂತ್ರವನ್ನು ಹಿಂದಿನ ರಾತ್ರಿಯೇ ಚಾರ್ಜು ಮಾಡಿ, ಚಾನೆಲ್ಲಿನ ಸಂಖ್ಯೆಯನ್ನು ಅದರ ಬೆನ್ನಿಗೆ ಬರೆದು ಅಂಟಿಸಿಡತಕ್ಕದ್ದು.