ದನದ ಲಾರಿ ಕಂಪನಿ ಕೊಂಡರೆ ಸಿಗುವುದು ಲಾರಿಯಷ್ಟೇ ಅಲ್ಲ

ಉತ್ತರ ಆಸ್ಟ್ರೇಲಿಯಾದಲ್ಲಿ ದನ ಸಾಗಿಸುವ ಲಾರಿಯನ್ನು 'ರೋಡ್ ಟ್ರೈನ್' ಅಂತಾರೆ. ಮುಂದೆ ಒಂದು ಎಂಜಿನ್, ಹಿಂದೆ ಮೂರು ಟ್ರೇಲರ್, ಒಂದೊಂದಕ್ಕೂ ಎರಡು ಅಂತಸ್ತು. ಉದ್ದ 53.5 ಮೀಟರ್‌ವರೆಗೆ. ಒಂದು ಟ್ರಿಪ್‌ಗೆ ನೂರಕ್ಕೂ ಹೆಚ್ಚು ದನ.

ಈ ವ್ಯವಹಾರದಲ್ಲಿ ಬೆಳೆಯಬೇಕೆಂದ ಕಂಪನಿ ಹೊಸ ಲಾರಿಗಳನ್ನಷ್ಟೇ ಕೊಳ್ಳುವುದಿಲ್ಲ, ಇನ್ನೊಂದು ಊರಿನ ಸಣ್ಣ ಕಂಪನಿಯನ್ನೇ ಕೊಳ್ಳುತ್ತದೆ. ಯಾಕೆ?

ಸ್ವಲ್ಪ ಹಿಂದಕ್ಕೆ ಹೋಗೋಣ. ಮೊದಲು ಅಲ್ಲಿ ದನಗಳನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಸಿಕೊಂಡೇ ಮಾರುಕಟ್ಟೆಗೆ ತರುತ್ತಿದ್ದರು. 1960ರ ದಶಕದಲ್ಲಿ ಸರ್ಕಾರ ದನ ಸಾಗಣೆಗೆಂದೇ ರಸ್ತೆಗಳನ್ನು ಮಾಡಿತು. ಲಾರಿ ಬಂತು, ದನ ನಡೆಸುವವರ ಕಾಲ ಮುಗಿಯಿತು. ರೋಡ್ ಟ್ರೈನ್ ಓಡಿಸಿ ದಾರಿ ತೋರಿದವರಲ್ಲಿ ನೋಯಲ್ ಬಂಟೈನ್ ಒಬ್ಬರು. ಅಲ್ಲಿನ ಒಂದು ಹೆದ್ದಾರಿಗೆ ಅವರದೇ ಹೆಸರಿದೆ.

ಈಗ ಲೆಕ್ಕ ನೋಡಿ. ಪಾರ್ಸೆಲ್ ಆದರೆ ಗೋದಾಮಿನಲ್ಲಿ ನಾಲ್ಕು ದಿನ ಬಿದ್ದಿರಬಹುದು, ದನ ಇರಲಾರದು. ಆಸ್ಟ್ರೇಲಿಯಾದ ನಿಯಮದಂತೆ ಬೆಳೆದ ದನವನ್ನು ನೀರಿಲ್ಲದೆ 48 ಗಂಟೆಗಿಂತ ಹೆಚ್ಚು ಇಡುವಂತಿಲ್ಲ. ದೂರದ ದಾರಿಯಲ್ಲಿ ಇಳಿಸಿ, ನೀರು ಮೇವು ಕೊಟ್ಟು, ಮತ್ತೆ ಹತ್ತಿಸಲು ದೊಡ್ಡಿ ಬೇಕು. ಹಾಗಾಗಿ ಸಣ್ಣ ಕಂಪನಿ ಕೊಂಡವರಿಗೆ ಆ ಊರಿನ ದೊಡ್ಡಿ, ವರ್ಕ್‌ಶಾಪ್ ಸಿಗುತ್ತವೆ. ಜೊತೆಗೆ, ದನದ ಸ್ವಭಾವ ಗೊತ್ತಿರುವ ಡ್ರೈವರ್‌ಗಳು. ಅಂಥವರನ್ನು ಶೋರೂಮ್‌ನಲ್ಲಿ ಕೊಳ್ಳೋಕಾಗಲ್ಲ!

ಇನ್ನೊಂದು ಕಾರಣ, ಅಪಾಯವನ್ನು ಹಂಚಿಕೊಳ್ಳುವುದು. ಉತ್ತರದಲ್ಲಿ ಮಳೆಗಾಲ ಬಂದರೆ ರಸ್ತೆ ಮುಚ್ಚುತ್ತದೆ, ಲಾರಿ ನಿಲ್ಲುತ್ತದೆ, ಸಾಲದ ಕಂತು ಮಾತ್ರ ನಿಲ್ಲಲ್ಲ. 2011ರ ಜೂನ್‌ನಲ್ಲಿ ಸರ್ಕಾರ ಇಂಡೋನೇಷ್ಯಾಕ್ಕೆ ಜೀವಂತ ದನಗಳ ರಫ್ತನ್ನು ದಿಢೀರ್ ನಿಲ್ಲಿಸಿತು. ಆ ಆದೇಶ ಕಾನೂನುಬಾಹಿರ ಎಂದು ಫೆಡರಲ್ ಕೋರ್ಟ್ ಹೇಳುವ ಹೊತ್ತಿಗೆ 2020 ಬಂದಿತ್ತು. ಬಂದರಿಗೆ ದನ ಸಾಗಿಸುವುದನ್ನೇ ನಂಬಿದ ಕಂಪನಿಗೆ ಇಂಥ ಒಂದು ಆದೇಶ ಸಾಕು. ದಕ್ಷಿಣದಲ್ಲೂ ಡಿಪೋ ಇದ್ದವರು ಲಾರಿಗಳನ್ನು ಆ ಕಡೆ ತಿರುಗಿಸಬಹುದು.

ಅಂದರೆ ಕೊಳ್ಳುವವರ ತರ್ಕದಲ್ಲಿ ತಪ್ಪಿಲ್ಲ. ಮಾರುವವರಿಗೂ ಕಾರಣವಿರುತ್ತದೆ: ವಯಸ್ಸಾಗಿದೆ, ಮಕ್ಕಳಿಗೆ ಸ್ಟೀರಿಂಗ್ ಬೇಡ, ಲಾರಿ ಬದಲಿಸಲು ದುಡ್ಡಿಲ್ಲ.

ಆದರೆ ದನ ಸಾಕುವವನ ಕಡೆಯಿಂದ ನೋಡಿ. ನಿನ್ನೆವರೆಗೆ ಮೂವರ ಹತ್ತಿರ ಬಾಡಿಗೆ ಕೇಳಿ ಚೌಕಾಶಿ ಮಾಡುತ್ತಿದ್ದ. ಇಂದು ಮೂರೂ ಫೋನ್ ನಂಬರ್ ಒಂದೇ ಆಫೀಸಿಗೆ ಹೋಗುತ್ತವೆ. ದನಕ್ಕೆ ತೂಕ ಬಂದಿದೆ, ಬರ ಬಾಗಿಲಲ್ಲಿದೆ ಅಂದಾಗ ಹೇಳಿದ ದರಕ್ಕೆ ಒಪ್ಪದೆ ವಿಧಿಯಿಲ್ಲ. ಖರೀದಿಗಳು ಒಂದೊಂದೂ ಸಣ್ಣವಾದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಂಥದ್ದಕ್ಕೆಂದೇ ಆಸ್ಟ್ರೇಲಿಯಾ ಕಾನೂನು ಬದಲಿಸಿದೆ. 2026ರ ಜನವರಿ 1ರಿಂದ, ನಿಗದಿತ ವಹಿವಾಟಿನ ಮಿತಿ ದಾಟುವ ಖರೀದಿಗಳನ್ನು ಮೊದಲೇ ಅಲ್ಲಿನ ಸ್ಪರ್ಧಾ ಆಯೋಗಕ್ಕೆ ತಿಳಿಸಬೇಕು. ಒಂದೇ ಬಗೆಯ ವ್ಯವಹಾರಗಳನ್ನು ಸಾಲಾಗಿ ಕೊಂಡಿದ್ದರೆ ಹಿಂದಿನ 3 ವರ್ಷದ ಖರೀದಿಗಳನ್ನೂ ಲೆಕ್ಕಕ್ಕೆ ಸೇರಿಸಲಾಗುತ್ತದೆ. ಆದರೆ ಮಿತಿ ಇರುವುದು ಕೋಟಿಗಟ್ಟಲೆ ಡಾಲರ್‌ಗಳಲ್ಲಿ. ಹಳ್ಳಿಯ ಹತ್ತು ಲಾರಿಯ ಕಂಪನಿ ಆ ಜರಡಿಯಲ್ಲಿ ಸುಲಭವಾಗಿ ಸೋರಿಹೋಗಬಹುದು.

ದೊಡ್ಡ ಕಂಪನಿ ಬಂದರೆ ಒಳ್ಳೆಯ ಲಾರಿ, ಒಳ್ಳೆಯ ದೊಡ್ಡಿ ಬರಬಹುದು, ದನಕ್ಕೂ ಹಿತ. ಆದರೆ ಬಾಡಿಗೆ ಜಾಸ್ತಿಯಾಯಿತು ಅಂತ ಹೇಳಲು ರೈತನಿಗೆ ಎರಡನೇ ಬಾಗಿಲು ಇರಬೇಕಲ್ಲವೇ?